ಏಳು ಹಾಳೆಗಳ ಹಸಿರು

ಶಿರಾಜ್, ಜಿಲ್‌ಹಜ್ ೨೦, ಹಿಜರಿ ೯೬೯

ಮಾನ್ಯ ಭಾವನವರಾದ ಮೀರ್ ಫಸೀಹರ ಸನ್ನಿಧಿಗೆ,

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಗುರುವಾರ ನಮ್ಮ ಓಣಿಯ ಕಾಜಿಯವರು ಮಧ್ಯಾಹ್ನದ ನಮಾಜಿಗೆ ಹೊರಟ ಸಮಯ ಸಾಧಿಸಿ, ಅವರ ಅಂಗಳದ ಗೋಡೆ ಹಾರಿ ಇಳಿದು, ಅವರ ಬಿಳಿಯ ಬೆಕ್ಕಿನ ಕತ್ತಿಗೆ ಕತ್ತರಿ ಇಟ್ಟೆ. ಬೆಕ್ಕು ಬದುಕಿದೆ. ಹೋದದ್ದು ಅದರ ಗಂಟಲ ಕೆಳಗಿನ ಒಂದು ಚಿಟಿಕೆ ಕೂದಲು, ಮತ್ತು ನನ್ನ ಎಡಗೈಯ ಒಂದಿಷ್ಟು ಚರ್ಮ. ಆ ಕೂದಲಿನಿಂದ ಮೂರು ಕುಂಚ ಕಟ್ಟಿದ್ದೇನೆ. ಒಂದರ ತುದಿ ಎಷ್ಟು ಸಪೂರವೆಂದರೆ ನೊಣಕ್ಕೆ ಹುಬ್ಬು ತಿದ್ದಬಹುದು. ಕಾಜಿಯವರು ಶುಕ್ರವಾರ ಮಸೀದಿಯ ಮೆಟ್ಟಿಲ ಮೇಲೆ ಕಳ್ಳತನದ ಮಾತು ತೆಗೆದರು. ತೆಗೆದವರು ನನ್ನ ಕಡೆ ಮೂರು ಸಲ ನೋಡಿದರು. ನಾನು ಗಡ್ಡ ನೀವಿಕೊಂಡು, ಕಾಲ ಕೆಟ್ಟುಹೋಯಿತು ಎಂದೆ.

ಇದನ್ನು ನಿಮಗೆ ಹೇಳುತ್ತಿರುವ ಕಾರಣವಿಷ್ಟೆ. ನನ್ನ ಐವತ್ತೈದು ವರ್ಷದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ನನ್ನಿಂದ ಆಗಿಲ್ಲ. ಇದನ್ನು ತಿಳಿದುಕೊಂಡು ಮುಂದೆ ಓದಬೇಕು.

ನಿಮ್ಮ ಪತ್ರ ಬಂತು. ಒಂಬತ್ತು ವರ್ಷದ ಮೌನದ ಮೇಲೆ ಮೂರು ಸಾಲು. ‘ಮಹಾಕಾವ್ಯದ ಪುಸ್ತಕದಲ್ಲಿ ಹಸಿರು ಬಣ್ಣ ಕಾಗದವನ್ನು ತಿನ್ನುತ್ತಿದೆ. ಏಳು ಹಾಳೆ. ಹಸಿರಿಗೆ ಏನು ಬೆರೆಸಿದ್ದಿರಿ?’ ನನ್ನ ಮಂಡಿನೋವು ಹೇಗಿದೆ ಎಂದು ಕೇಳಲಿಲ್ಲ. ನನ್ನ ತಂಗಿ, ಅಂದರೆ ನಿಮ್ಮ ಹೆಂಡತಿ ಸರ್ವ್‌ನಾಜ್, ಹೇಗಿದ್ದಾಳೆ ಎಂಬ ಸುದ್ದಿಯೂ ಇಲ್ಲ. ನೇರವಾಗಿ ವಿಚಾರಣೆ.

ಭಾವ, ಆ ಪುಸ್ತಕದ ಅಕ್ಷರ ನೀವು ಬರೆದಿರಿ, ಚಿತ್ರ ನಾನು ಬರೆದೆ. ಈ ಊರಿನ ಪುಸ್ತಕ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಒಂದೇ ಕಂಬಳಿಯ ಮೇಲೆ ಕೂತೆವು. ಮುಗಿದ ಮೇಲೆ ಪುಸ್ತಕ ರಾಜಕುಮಾರರಿಗೆ ಕಾಣಿಕೆಯಾಗಿ ಕಜ್ವೀನಿಗೆ ಹೋಯಿತು. ಅದರ ಹಿಂದೆ ನೀವು ಅದನ್ನು ಕಾಯುವ ಗ್ರಂಥಪಾಲಕರಾಗಿ ಹೋದಿರಿ, ನಿಮ್ಮ ಹಿಂದೆ ನನ್ನ ತಂಗಿ ಹೋದಳು. ಕೊನೆಯ ಪುಟದಲ್ಲಿ ‘ಇದನ್ನು ಬರೆದು ಮುಗಿಸಿದವನು ಬಡಪಾಯಿ ಫಸೀಹ್’ ಎಂದಿದೆ. ಚಿತ್ರ ಬರೆದ ಬಡಪಾಯಿ ಯಾರು ಎಂದರೆ ಯಾರೂ ಇಲ್ಲ. ಬಹುಶಃ ಚಿತ್ರಗಳು ಮಳೆಗೆ ಅಣಬೆ ಎದ್ದಂತೆ ತಾವಾಗಿ ಎದ್ದವು. ಒಂಬತ್ತು ವರ್ಷ ಹೊಗಳಿಕೆ ಬಂದಾಗ ನನ್ನ ನೆನಪಾಗಲಿಲ್ಲ. ತೂತು ಬಿದ್ದಾಗ ನೆನಪಾಯಿತು.

ನನ್ನ ಹಸಿರಿನ ಮಾತಿಗೆ ಬರೋಣ. ಶಿರಾಜಿನಲ್ಲಿ ನನ್ನನ್ನು ಈಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಹಸಿರು ಉಸ್ತಾದ್’ ಎನ್ನುತ್ತಾರೆ. ಯಜ್ದ್ ಊರಿನಿಂದ ಇಬ್ಬರು ಗಡ್ಡ ನರೆತ ಚಿತ್ರಕಾರರು ಮರುಭೂಮಿ ದಾಟಿ ಬಂದು ನನ್ನ ಮನೆಯ ಜಗಲಿಯಲ್ಲಿ ಕೂತಿದ್ದಾರೆ. ನನ್ನ ಹಸಿರಿನ ಗುಟ್ಟಿಗಾಗಿಯೇ ಅಲ್ಲದೆ ಇನ್ನೇತಕ್ಕೆ? ಮೂವತ್ತು ವರ್ಷದಲ್ಲಿ ನನ್ನ ಹಸಿರು ಒಂದು ಹಾಳೆಯನ್ನೂ ತಿಂದಿಲ್ಲ. ಆದ್ದರಿಂದ ತಿಂದದ್ದು ನಿಮ್ಮ ಮಸಿ ಇರಬೇಕು. ಇಲ್ಲವಾದರೆ ನಿಮ್ಮ ಕೊಠಡಿಯ ತೇವ. ಅದೂ ಅಲ್ಲವಾದರೆ, ನನ್ನ ತಂಗಿ ಬದನೆಕಾಯಿಯನ್ನು ದ್ರಾಕ್ಷಿ ಹುಳಿಯಲ್ಲಿ ನೆನೆಹಾಕುವ ಜಾಡಿಗಳು ನಿಮ್ಮ ಪುಸ್ತಕಗಳಿಂದ ಎಷ್ಟು ಗೇಣು ದೂರದಲ್ಲಿವೆ ಎಂದು ಮೊದಲು ಅಳೆದು ನೋಡಿ.

ಇನ್ನೊಂದು ವಿಷಯ. ನಿಮ್ಮ ಪತ್ರವನ್ನು ಮುಚ್ಚಿದ ಕಾಗದದ ಪಟ್ಟಿ ಎರಡು ಸಲ ಅಂಟಿಸಿದಂತಿತ್ತು. ಒಂದು ಸಲ ನೀವು. ಎರಡನೆಯ ಸಲ ಯಾರು?

ಬೆಕ್ಕಿಗೆ ಮಾತ್ರ ಋಣಿಯಾದ,
ಉಸ್ತಾದ್ ಯಾದ್ಗಾರ್


ಕಜ್ವೀನ್, ಮುಹರ್ರಂ ೧೫, ೯೭೦

ಭಾವ,

ಒಂಬತ್ತು ವರ್ಷದ ಹಿಂದೆ ನನ್ನನ್ನು ‘ಲೋ ಮಸಿಮೂತಿ’ ಎಂದು ಕರೆಯುತ್ತಿದ್ದವರು ಈಗ ಸನ್ನಿಧಿ ಎಂದು ಬರೆದಿದ್ದೀರಿ. ಎರಡು ಸಲ ಓದಿ, ಇದು ಬೈಗುಳವೇ ಎಂದು ಖಚಿತ ಮಾಡಿಕೊಂಡೆ.

ಸರ್ವ್‌ನಾಜ್ ಚೆನ್ನಾಗಿದ್ದಾಳೆ. ಅವಳ ಜಾಡಿಗಳು ಅಡುಗೆಮನೆಯಲ್ಲಿವೆ. ಅಡುಗೆಮನೆಗೂ ಗ್ರಂಥಾಲಯಕ್ಕೂ ನಡುವೆ ಎರಡು ಬೀದಿ, ಊರವರು ಸ್ನಾನ ಮಾಡುವ ಒಂದು ಹಮಾಮು ಇದೆ. ಪಟ್ಟಿಯನ್ನು ಎರಡು ಸಲ ಅಂಟಿಸಿದವನು ನಾನೇ. ಮೊದಲು ಬರೆದದ್ದು ಉದ್ದವಾಗಿತ್ತು. ಬಿಚ್ಚಿ, ಅದನ್ನು ತೆಗೆದು, ಮೂರು ಸಾಲು ಇಟ್ಟೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊದಲು ಹಸಿರಿನ ಹಿಂಬದಿಯಲ್ಲಿ ದಾಳಿಂಬೆ ಸಿಪ್ಪೆಯ ಕಲೆಯಂಥ ಕಂದು ಬಣ್ಣ ಮೂಡಿತು. ಆಮೇಲೆ ಕಾಗದ ಒಣರೊಟ್ಟಿಯಂತೆ ಮುರಿಯತೊಡಗಿತು. ಈಗ ತೋಟವಿದ್ದ ಕಡೆ ತೂತು. ಹುಲ್ಲುಗಾವಲಿನಲ್ಲಿ ನೀವು ನಿಲ್ಲಿಸಿದ ಬೂದು ಕುದುರೆಯ ಮುಂದೆ ಹುಲ್ಲಿಲ್ಲ. ತೂತಿನಿಂದ ಮುಂದಿನ ಪುಟದ ಯುದ್ಧ ಕಾಣುತ್ತದೆ, ಕುದುರೆ ಅದನ್ನೇ ಮೇಯುತ್ತಿರುವಂತಿದೆ. ಹಾಳೆಯ ಹಿಂಬದಿಯಲ್ಲಿ ನಾನು ಬರೆದ ಸಾಲುಗಳೂ ಹುಲ್ಲಿನ ಜೊತೆಗೇ ಹೋದವು. ಇದು ಮಸಿಯ ಕೆಲಸವಲ್ಲ. ಮಸಿ ಮಾತ್ರ ಇರುವ ನಾನ್ನೂರು ಹಾಳೆ ಗಟ್ಟಿಮುಟ್ಟಾಗಿವೆ. ನಿಮ್ಮ ಹಸಿರಿರುವ ಹಾಳೆಗಳು ಐವತ್ತು, ಅವುಗಳಲ್ಲೂ ನಲವತ್ತಮೂರಕ್ಕೆ ಏನೂ ಆಗಿಲ್ಲ. ಏಳು ಮಾತ್ರ.

ದಿವಾನರ ಮಾತು ಸರಳ. ಪ್ರತಿ ವರ್ಷ ನೌರೋಜಿನ ದಿನ, ಹೊಸ ವರ್ಷದ ಹಬ್ಬಕ್ಕೆ, ರಾಜಕುಮಾರರು ಈ ಪುಸ್ತಕ ತೆರೆಸಿ ಸಭೆಯಲ್ಲಿ ಓದಿಸುತ್ತಾರೆ. ಅಷ್ಟರೊಳಗೆ ಕಾರಣ ತಿಳಿಯಬೇಕು. ತಿಳಿಯದಿದ್ದರೆ ತಪ್ಪು ಕಾದವನದು. ಗ್ರಂಥಾಲಯದ ಬೀಗದಕೈ ಹೋಗುತ್ತದೆ, ಅದರ ಜೊತೆಗೆ ಇಲ್ಲಿ ಲೇಖನಿ ಹಿಡಿಯುವ ಅನುಮತಿಯೂ. ನನಗೂ ವಯಸ್ಸಾಯಿತು ಭಾವ. ಲೇಖನಿ ಬಿಟ್ಟು ಬೇರೆ ಏನನ್ನೂ ಹಿಡಿದು ಗೊತ್ತಿಲ್ಲ.

ಇಲ್ಲಿ ಬಣ್ಣ ಅರೆಯುವ ಬಾಬಾ ಖಲೀಲ್ ಎಂಬ ಮುದುಕನಿದ್ದಾನೆ. ಉದುರಿದ ಒಂದು ಚೂರನ್ನು ನಾಲಗೆ ತುದಿಗೆ ಮುಟ್ಟಿಸಿ, ಉಗುಳಿ, ನನ್ನನ್ನು ನೋಡಿ ನಕ್ಕ.

‘ತಾಮ್ರದ ತಗಡನ್ನ ದ್ರಾಕ್ಷಿ ಹುಳೀಲಿಟ್ಟು, ಕಿಲುಬು ಕೆರೆದು ಹಸಿರು ಮಾಡ್ತೀರಲ್ಲ ಸ್ವಾಮಿ, ಆ ಹುಳಿ ಬಣ್ಣದೊಳಗೇ ಬದುಕಿರತ್ತೆ. ಕೇಸರಿ ಹಾಕಿದ್ರೆ ಮಲಗತ್ತೆ. ಹಾಕ್ದಿದ್ರೆ, ಮಲಗಿಸಿದ ಹಾಸಿಗೇನೇ ತಿನ್ನತ್ತೆ,’ ಎಂದ.

ಆದ್ದರಿಂದ ಕೇಳುವುದು ಒಂದೇ. ಆ ಏಳು ಹಾಳೆಗಳ ಹಸಿರಿಗೆ ಕೇಸರಿ ಹಾಕಿದ್ದಿರಾ?

ನಿಮ್ಮ,
ಫಸೀಹ್


ಶಿರಾಜ್, ಸಫರ್ ೧೨, ೯೭೦

ಗ್ರಂಥಪಾಲಕರಾದ ಮೀರ್ ಫಸೀಹರಿಗೆ,

ಕೇಸರಿ ಹಾಕಿದ್ದಿರಾ ಎಂದು ನನ್ನನ್ನು ಕೇಳುತ್ತೀರಿ. ಹೋಗಿ ಮೀನನ್ನು ಹಿಡಿದು, ನಿನಗೆ ನೀರಿನ ಪರಿಚಯವಿದೆಯೇ ಎಂದು ಕೇಳಿ ಬನ್ನಿ.

ಕೇಸರಿ ಕಿಲುಬನ್ನು ಮಲಗಿಸುತ್ತದೆ ಎಂಬುದು ನಾನು ತೊಟ್ಟಿಲಲ್ಲಿ ಮಲಗಿದ್ದಾಗಲೇ ನನಗೆ ಗೊತ್ತಿತ್ತು. ನನ್ನ ಗುರುಗಳು ಅದನ್ನು ನನ್ನ ಕಿವಿಯಲ್ಲಿ ಹೇಳಿದರು, ನಾನು ಶಿಷ್ಯರ ಕಿವಿಯಲ್ಲಿ ಹೇಳುತ್ತೇನೆ. ನಿಮ್ಮ ಬಾಬಾ ಖಲೀಲ್ ಅದನ್ನು ಬಾಯಿಬಿಟ್ಟು ಹೇಳಿದನೆಂದರೆ ಅವನು ಯಾವ ಪರಂಪರೆಯವನೂ ಅಲ್ಲ ಎಂದಾಯಿತು. ಹಸಿರಿನ ವಿಷಯದಲ್ಲಿ ನಾನು ಹಸಿ ಸುಳ್ಳು ಹೇಳುವವನಲ್ಲ.

ಹಾಗಾದರೆ ಏಳೇ ಹಾಳೆ ಏಕೆ? ನಾಲ್ಕು ದಿನ ಯೋಚಿಸಿದೆ, ಊಟ ರುಚಿಸಲಿಲ್ಲ. ಮೊದಲು ಆ ಮುದುಕನ ಮೇಲೆಯೇ ಗುಮಾನಿ ಬಂತು. ಕಂಡವರ ಹಸಿರನ್ನು ನೆಕ್ಕುವವನಿಗೆ ಸ್ವಂತ ಹಸಿರಿನ ಅಂಗಡಿ ಇರಲೇಬೇಕು. ಅವನೇ ಏನಾದರೂ ಸವರಿ, ಅವನೇ ಕಂಡುಹಿಡಿದಿರಬಹುದು. ಆಮೇಲೆ ನಿಮ್ಮ ದಿವಾನರು. ಅವರಿಗೊಬ್ಬ ಅಕ್ಕನ ಮಗ ಇದ್ದಾನೆಯೇ, ಆ ಅಕ್ಕನ ಮಗನಿಗೆ ನಿಮ್ಮ ಬೀಗದಕೈ ಮೇಲೆ ಕಣ್ಣಿದೆಯೇ ಎಂದು ವಿಚಾರಿಸಿ. ಮೂರನೆಯ ಗುಮಾನಿ ಬಂದಾಗ ಕುಂಚ ಕೆಳಗಿಟ್ಟೆ. ಅಸಲು ಹಾಳೆಗಳನ್ನು ಯಾರಿಗೋ ದಾಟಿಸಿ, ಅವುಗಳ ಜಾಗದಲ್ಲಿ ಯಾವನೋ ಅರ್ಧಂಬರ್ಧದವನ ನಕಲು ಸೇರಿಸಿದವರು ನೀವೇ ಏಕಾಗಿರಬಾರದು? ಹಾಗಿದ್ದರೆ ಹೇಳಿಬಿಡಿ, ನಾನು ಹೊರಗೆ ಬಿಡುವುದಿಲ್ಲ. ಯಾರಿಗೆ ದಾಟಿಸಿದಿರಿ ಎಂದಷ್ಟೇ ಹೇಳಿ, ಅವರಿಗೆ ಚಿತ್ರ ನೋಡಲು ಬರುತ್ತದೆಯೇ ಎಂದು ತಿಳಿಯಬೇಕು.

ಅಸಲನ್ನು ಗುರುತಿಸುವ ಉಪಾಯ ನನ್ನ ಬಳಿ ಇದೆ. ಕೊನೆಯ ಪುಟದಲ್ಲಿ ಜಾಗ ಕೊಡದಿದ್ದರೇನು, ಆ ಏಳರಲ್ಲೊಂದು ಹಾಳೆಯಲ್ಲಿ ನನ್ನ ಹೆಸರನ್ನು ಬಚ್ಚಿಟ್ಟಿದ್ದೇನೆ. ಬೆಕ್ಕಿನ ಒಂದೇ ಕೂದಲಿನಲ್ಲಿ ಬರೆದದ್ದು. ಒಂಬತ್ತು ವರ್ಷ ಪುಸ್ತಕಕ್ಕೆ ಮೂಗು ಒತ್ತಿ ಕೂತ ನಿಮಗೆ ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ.

ಕೇಸರಿಯ ವಿಷಯದಲ್ಲಿ ಕೈ ಬಿಗಿಹಿಡಿಯುವ ಮನೆತನ ನಮ್ಮದಲ್ಲ. ನಿಮ್ಮ ಮದುವೆ ಮರೆತುಹೋಯಿತೇ? ನಿಮ್ಮ ತಾಯಿಯವರು ನಮ್ಮ ಹೊಸ್ತಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, ‘ಬಣ್ಣದೋರ ಮನೇಲಿ ಬಣ್ಣದ ನೀರೇ ಪಾಯ್ಸ ಇರ್ಬೇಕು’ ಎಂದರು. ಮೂರನೆಯ ದಿನ ನಲವತ್ತು ಮನೆಯವರು ನನ್ನ ಕೇಸರಿ ಪಾಯಸ ತಿಂದರು. ಅದರ ಬಣ್ಣ ಓಣಿಯ ತಿರುವಿನಿಂದಲೇ ಕಾಣುತ್ತಿತ್ತು. ನಿಮ್ಮ ತಾಯಿಯವರ ಹಲ್ಲು ಒಂದು ವಾರ ಹಳದಿ ಇತ್ತು. ಅಂಥ ಪಾಯಸ ಬಡಿಸಿದವನಿಗೆ ನೀವು ಕೇಸರಿಯ ಪಾಠ ಹೇಳುತ್ತೀರಿ.

ಉತ್ತರ ಬರೆಯುವುದಾದರೆ ಪಟ್ಟಿಯನ್ನು ಒಂದೇ ಸಲ ಅಂಟಿಸಿ.

ಹಸಿರು ಉಸ್ತಾದ್ ಎಂದೇ ಹೆಸರಾದ,
ಯಾದ್ಗಾರ್


ಕಜ್ವೀನ್, ರಬೀಉಲ್ ಅವ್ವಲ್ ೮, ೯೭೦

ಅಣ್ಣಾ,

ಇವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಕಾಗದ ಇವರದು, ಮಸಿ ಇವರದು, ಅಕ್ಷರ ಮಾತ್ರ ನನ್ನದು. ಅದಕ್ಕೇ ಹೀಗಿದೆ, ನಗಬೇಡ.

ನಿನ್ನ ಪತ್ರಗಳನ್ನು ಇವರು ನನಗೆ ಓದಿ ಹೇಳುತ್ತಾರೆ. ಬೆಕ್ಕಿನ ಭಾಗಕ್ಕೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಜಾಡಿಯ ಭಾಗಕ್ಕೆ ನಾನು ನಗಲಿಲ್ಲ. ಹೋದ ಚಳಿಗಾಲ ಒಂಟೆಯವರ ಕೈಲಿ ನಿನಗೆ ಒಂದು ಜಾಡಿ ಬದನೆಕಾಯಿ ಕಳಿಸಿದ್ದೆ. ಬಂತು ಎಂದು ಒಂದು ಅಕ್ಷರ ಬರೆಯಲಿಲ್ಲ ನೀನು. ಖಾಲಿ ಜಾಡಿ ಬಾಗಿಲಲ್ಲಿ ಕವುಚಿತ್ತು ಎಂದು ಒಂಟೆಯವನು ಹೇಳಿದ.

ಪಾಯಸದ ಭಾಗಕ್ಕೆ ಬಂದಾಗ ಇವರು ಓದುವುದನ್ನು ನಿಲ್ಲಿಸಿದರು. ಆಮೇಲೆ ತಮ್ಮ ಹಳೆಯ ಚೀಲ ತೆಗೆದರು. ಪ್ರತಿ ಹಾಳೆಯನ್ನೂ ಬರೆದು ನಿನ್ನ ಕೈಗೆ ಕೊಟ್ಟದ್ದು ಯಾವ ತಿಂಗಳು ಎಂದು ಗುರುತು ಹಾಕಿ ಇಟ್ಟುಕೊಂಡಿದ್ದಾರೆ, ಇವರ ಸ್ವಭಾವ ನಿನಗೆ ಗೊತ್ತಲ್ಲ. ನೋಡಿದರು, ಮಡಚಿದರು, ಚೀಲದಲ್ಲಿಟ್ಟರು. ಏನು ಎಂದು ಕೇಳಿದೆ. ‘ಏನಿಲ್ಲ, ರೊಟ್ಟಿ ಆಯ್ತಾ?’ ಎಂದರು. ಹೊರಗೆ ಹೋದ ಮೇಲೆ ನಾನೇ ಬಿಚ್ಚಿ ನೋಡಿದೆ. ಏಳು ಹಾಳೆಗಳ ಎದುರಿಗೂ ಒಂದೇ ತಿಂಗಳು. ಅದು ನಮ್ಮ ಮದುವೆಯ ತಿಂಗಳು.

ಅಣ್ಣ, ಮದುವೆ ಹೆಣ್ಣು ತಲೆ ಎತ್ತಬಾರದು ಎಂದು ಹೇಳಿ ನನ್ನನ್ನು ಮೂರು ದಿನ ನೆಲ ನೋಡಿಕೊಂಡೇ ಇರಿಸಿದ್ದಿರಿ. ನೋಡಿದ್ದೆಲ್ಲ ನೆಲವೇ. ಅಡುಗೆಮನೆಯ ನೆಲದ ಮೇಲೆ, ಪಾಯಸದ ಕೊಪ್ಪರಿಗೆಯ ಪಕ್ಕ, ಒಂದು ದಾರ ಬಿದ್ದಿತ್ತು. ಎರಡೆಳೆ ಕೆಂಪು, ನಡುವೆ ಒಂದೆಳೆ ಬಿಳಿ. ಕಾರ್ಖಾನೆಯ ಉಗ್ರಾಣದವರು ಚಿನ್ನದ ರೇಕಿಗೆ, ಕೇಸರಿಯ ಪೊಟ್ಟಣಕ್ಕೆ ಕಟ್ಟಿ ಮೊಹರು ಹಾಕಿ ಕೊಡುವ ದಾರ ಅದು. ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಎತ್ತಿಕೊಂಡು ನನ್ನ ಬಾಚಣಿಗೆಯ ಹಿಡಿಗೆ ಸುತ್ತಿದೆ. ಇನ್ನೂ ಹಾಗೇ ಇದೆ.

ನಾನು ಯಾರಿಗೂ ಏನೂ ಹೇಳಿಲ್ಲ. ನಿನಗೂ ಏನೂ ಹೇಳುತ್ತಿಲ್ಲ, ದಾರದ ಬಣ್ಣ ಹೇಳಿದೆ ಅಷ್ಟೆ.

ಪಾಯಸ ಚೆನ್ನಾಗಿತ್ತು ಅಣ್ಣ. ನಮ್ಮತ್ತೆ ಸಾಯುವವರೆಗೂ ಅದರ ಮಾತಾಡುತ್ತಿದ್ದರು. ‘ನಿಮ್ಮಣ್ಣ ಜಂಬದ ಕೋಳಿ, ಆದ್ರೆ ಕೈ ದೊಡ್ಡದು ಕಣೇ,’ ಎನ್ನುತ್ತಿದ್ದರು.

ಇವರು ದಿನಾ ಬೆಳಗ್ಗೆ ಏಳು ಲೇಖನಿ ಕೆತ್ತಿ ಸಾಲಾಗಿ ಇಡುತ್ತಿದ್ದರಲ್ಲ, ಹದಿನೈದು ದಿನದಿಂದ ಕೆತ್ತುತ್ತಿಲ್ಲ. ಚಾಕುವನ್ನು ನನ್ನ ಅಡುಗೆಮನೆಗೆ ತಂದುಕೊಟ್ಟಿದ್ದಾರೆ, ಈರುಳ್ಳಿಗೆ ಆಗುತ್ತದೆ ಎಂದು.

ನಿನ್ನ ತಂಗಿ,
ಸರ್ವ್‌ನಾಜ್


ಶಿರಾಜ್, ರಬೀಉಲ್ ಆಖಿರ್ ೬, ೯೭೦

ಮೀರ್ ಫಸೀಹರಿಗೆ,

ನಿಮ್ಮ ಮನೆಯಿಂದ ನನಗೆ ಯಾವ ಪತ್ರವೂ ಬಂದಿಲ್ಲ. ಯಾರೂ ನನಗೆ ಏನನ್ನೂ ಬರೆದಿಲ್ಲ. ನೀವು ಕೇಳುವ ಮೊದಲೇ ಹೇಳಿಬಿಟ್ಟರೆ ಒಳ್ಳೆಯದೆಂದು ಹೇಳುತ್ತಿದ್ದೇನೆ.

ಮಾತು ಬಂತೆಂದು ಹೇಳುತ್ತೇನೆ, ಕೆಂಪು ದಾರ ಎಲ್ಲ ಊರುಗಳಲ್ಲೂ ಸಿಗುತ್ತದೆ. ಯಾವ ಮಾತು ಬಂತು ಎಂದು ಕೇಳಬೇಡಿ.

ಈ ಪತ್ರವನ್ನು ಬರೆದು ಮುಗಿಸಿ, ದಿವಾನರ ಕಣ್ಣಿನಿಂದ ಒಂದು ಸಲ, ನಿಮ್ಮ ಕಣ್ಣಿನಿಂದ ಒಂದು ಸಲ ಓದಿದೆ. ನನ್ನ ಮೇಲೆಯೇ ಸಾಕ್ಷಿ ಹೇಳುವಂತಿದ್ದ ಸಾಲುಗಳನ್ನು ಕತ್ತರಿಸಿ ಒಲೆಗೆ ಹಾಕಿದೆ. ಪತ್ರ ಗಿಡ್ಡವಾದದ್ದು ಅದಕ್ಕೇ. ನಿಮ್ಮ ಸೌಮ್ಯವಾದ ಪ್ರಶ್ನೆಗಳ ಒಳಗುಟ್ಟು ನನಗೆ ಹೊಳೆದಿದೆ. ನನ್ನ ಕೈಯಿಂದಲೇ ನನ್ನ ತಪ್ಪು ಬರೆಸಿಕೊಂಡು, ಒಯ್ದು ದಿವಾನರ ಮುಂದೆ ಹರಡುವುದು. ಅಕ್ಷರದವರಿಗೆ ಅಕ್ಷರವೇ ಬಲೆ.

ಆದರೂ ಭಾವನೆಂಟಸ್ತಿಕೆ ಎಂದು ಒಂದು ದಾರಿ ಹೇಳುತ್ತೇನೆ. ದಾರ ಅಲ್ಲ, ದಾರಿ. ಆ ಪುಸ್ತಕದ ಕಾಗದಕ್ಕೆ ಗಂಜಿ ಹಾಕಿ, ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟವನು ಮುರಾದ್. ಅವನು ತೀರಿಹೋಗಿ ಆರು ವರ್ಷವಾಯಿತು. ಏಳು ಹಾಳೆಯ ಗಂಜಿ ಹಳಸಿತ್ತು ಎಂದು ದಿವಾನರಿಗೆ ಹೇಳಿ. ಸತ್ತವನಿಗೆ ಬೀಗದಕೈ ಕಳೆದುಕೊಳ್ಳುವ ಭಯವಿಲ್ಲ. ನಿಮ್ಮ ಲೇಖನಿಯೂ ಉಳಿಯುತ್ತದೆ, ನನ್ನ ಹಸಿರೂ ಉಳಿಯುತ್ತದೆ.

ಪಟ್ಟಿಯನ್ನು ಈ ಸಲ ಮೂರು ಕಡೆ ಅಂಟಿಸಿದ್ದೇನೆ.

ಯಾದ್ಗಾರ್


ಕಜ್ವೀನ್, ಜಮಾದಿಉಲ್ ಅವ್ವಲ್ ೩, ೯೭೦

ಭಾವ,

ಪಟ್ಟಿ ಮೂರು ಕಡೆಯೂ ಗಟ್ಟಿಯಾಗಿತ್ತು. ನೀವು ಒಲೆಗೆ ಹಾಕಿದ ಸಾಲುಗಳನ್ನು ಕಳಿಸಿ, ಉಳಿದದ್ದನ್ನು ಒಲೆಗೆ ಹಾಕಿದ್ದರೆ ಪತ್ರ ಇನ್ನೂ ಚೆನ್ನಾಗಿರುತ್ತಿತ್ತು.

ಮುರಾದನ ಮಗಳು ಇದೇ ಊರಿನಲ್ಲಿದ್ದಾಳೆ. ಅಪ್ಪನ ಹೆಸರು ಹೇಳಿಕೊಂಡು ಕಾಗದಕ್ಕೆ ಗಂಜಿ ಹಾಕಿ ಬದುಕುತ್ತಿದ್ದಾಳೆ. ಆ ಹೆಸರಿಗೆ ಮಸಿ ಬಳಿಯಲಾರೆ. ಮಸಿ ನನ್ನ ಕಸುಬು ನಿಜ, ಆದರೆ ಬಳಿಯುವುದಲ್ಲ.

ಆದ್ದರಿಂದ ಮೊನ್ನೆ ದಿವಾನರಿಗೆ ಹೇಳಿಬಿಟ್ಟೆ. ಎರಡು ವರ್ಷದ ಹಿಂದೆ ಹಿಮ ಕರಗುವಾಗ ಸೂರು ಸೋರಿತ್ತು, ನಾನು ಪುಸ್ತಕವನ್ನು ಸರಿಸಿಡಲಿಲ್ಲ, ತಪ್ಪು ನನ್ನದು ಎಂದೆ. ಅವರಿಗೆ ಬೇಕಾದದ್ದು ಕಾರಣ, ಸಿಕ್ಕಿತು. ನೌರೋಜಿನ ದಿನ ಸಭೆಯಲ್ಲಿ ಬೀಗದಕೈ ಒಪ್ಪಿಸಬೇಕು. ಕೊನೆಯ ಪುಟದಲ್ಲಿ ನನ್ನ ಹೆಸರು ಮಾತ್ರ ಇದೆ ಎಂದು ನೀವು ಒಂಬತ್ತು ವರ್ಷ ಕುದಿದಿರಿ. ಈಗ ಅದರಿಂದ ಒಂದು ಅನುಕೂಲವಾಯಿತು ನೋಡಿ, ಇನ್ನೊಬ್ಬರನ್ನು ಹುಡುಕುವ ಕೆಲಸ ಅವರಿಗಿಲ್ಲ.

ನಿಮ್ಮ ಹೆಸರಿನ ಮಾತು. ಬೂದು ಕುದುರೆಯ ಹಾಳೆ, ತೊರೆಯ ದಡದಲ್ಲಿ ಮೂರನೆಯ ಕಲ್ಲು. ನನಗೆ ಸಿಕ್ಕಿ ಎಂಟು ವರ್ಷವಾಯಿತು. ಪ್ರತಿ ನೌರೋಜಿನ ಬೆಳಗ್ಗೆ ಪುಸ್ತಕವನ್ನು ಸಭೆಗೆ ಒಯ್ಯುವ ಮೊದಲು ಆ ಕಲ್ಲನ್ನು ಒಂದು ಸಲ ನೋಡುತ್ತಿದ್ದೆ. ಬಚ್ಚಿಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸಬಾರದೆಂದು ಯಾರಿಗೂ ತೋರಿಸಲಿಲ್ಲ. ಈಗ ಸುತ್ತಲಿನ ಹುಲ್ಲೆಲ್ಲ ಉದುರಿ, ಕಲ್ಲು ಒಂಟಿಯಾಗಿ ನಿಂತು, ಹೆಸರು ಎದ್ದು ಕಾಣುತ್ತದೆ. ದಿವಾನರ ಕಣ್ಣು ಚುರುಕು. ಅವರು ಕಂಡರೆ ಶಿರಾಜಿಗೆ ಆಳು ಹೊರಡುತ್ತಾನೆ. ಅದಕ್ಕೆ ಹಿಂದಿನಿಂದ ತೆಳು ಕಾಗದ ಅಂಟಿಸಿ, ಕಲ್ಲಿನ ಮೇಲೆ ಒಂದು ಹಿಡಿ ಹುಲ್ಲು ಬರೆದೆ. ಬಾಳಿನಲ್ಲಿ ಮೊದಲ ಸಲ ಚಿತ್ರ ಬರೆದದ್ದು. ಕಿಲುಬನ್ನು ಮುಟ್ಟಲಿಲ್ಲ, ನೀಲಿಗೆ ಹಳದಿ ಕಲಸಿದೆ. ಸರ್ವ್‌ನಾಜ್ ನೋಡಿ, ಇದು ಹುಲ್ಲೋ ಮುಳ್ಳುಹಂದಿಯೋ ಎಂದು ಕೇಳಿದಳು.

ಇನ್ನು ಕೇಸರಿಯ ಪ್ರಶ್ನೆ ಕೇಳುವುದಿಲ್ಲ. ಪಾಯಸವನ್ನು ನಾನೂ ತಿಂದಿದ್ದೇನೆ.

ಮಸಿಮೂತಿ,
ಫಸೀಹ್


ಕಾಶಾನ್ ಊರಿನ ಛತ್ರ, ಜಮಾದಿಉಲ್ ಆಖಿರ್ ೨೮, ೯೭೦

ಲೋ ಫಸೀಹ್,

ಹೇಸರಗತ್ತೆಯ ಮೇಲೆ ಕೂತು ಇಪ್ಪತ್ತೆರಡು ದಿನವಾಯಿತು. ನನಗೂ ಅದಕ್ಕೂ ಮಂಡಿನೋವು ಒಂದೇ ಕಾಲಿಗೆ. ಕಣಿವೆಯಲ್ಲಿ ಹಿಮ ಬಿದ್ದು ಐದು ದಿನ ತಡವಾಯಿತು. ನಾನು ನೌರೋಜಿಗೆ ತಲುಪುವುದು ಅನುಮಾನ, ಅದಕ್ಕೆ ಇಲ್ಲಿಂದ ಕುದುರೆ ಸವಾರನ ಕೈಯಲ್ಲಿ ಇದನ್ನು ಮುಂದೆ ಕಳಿಸುತ್ತಿದ್ದೇನೆ. ಅವನ ಮೇಲೂ ನನಗೆ ಗುಮಾನಿ ಇದೆ. ಮೀಸೆ ತೀರ ಚೆನ್ನಾಗಿದೆ. ಬೇರೆ ಯಾರೂ ಸಿಗಲಿಲ್ಲ.

ಒಳಗೆ ಎರಡು ಹಾಳೆ ಇವೆ. ಒಂದು ದಿವಾನರಿಗೆ. ಅದನ್ನು ನೀನು ಬಚ್ಚಿಡುತ್ತೀಯೆಂದು ನನಗೆ ಗೊತ್ತು, ಆದ್ದರಿಂದ ಸರ್ವ್‌ನಾಜ್‌ಳ ಎದುರಿಗೇ ಬಿಚ್ಚಬೇಕು. ನೀನು ಕೊಡದಿದ್ದರೆ ಅವಳು ಕೊಡುತ್ತಾಳೆ. ಅದರಲ್ಲಿ ಹೀಗೆ ಬರೆದಿದ್ದೇನೆ:

‘ಏಳು ಹಾಳೆಗಳ ಹಸಿರಿಗೆಂದು ಉಗ್ರಾಣದವರು ಕೊಟ್ಟ ಕೇಸರಿಯನ್ನು, ಚಿತ್ರಕಾರ ಯಾದ್ಗಾರ್ ಎಂಬ ನಾನು, ನನ್ನ ತಂಗಿಯ ಮದುವೆಯ ಪಾಯಸಕ್ಕೆ ಹಾಕಿದೆ. ಬಣ್ಣದಲ್ಲಿ ಕೊರತೆ ಕಾಣದಿರಲೆಂದು ಹಸಿರಿಗೆ ಅರಿಶಿನ ಬೆರೆಸಿದೆ. ಸೂರು ಸೋರಿಲ್ಲ, ಗಂಜಿ ಹಳಸಿಲ್ಲ, ಪಾಲಕನ ತಪ್ಪು ಏನೂ ಇಲ್ಲ. ಅವನು ಹೇಳಿದ್ದು ಸುಳ್ಳು; ಸುಳ್ಳು ಅವನಿಗೆ ಅಭ್ಯಾಸವಿಲ್ಲದ್ದರಿಂದ ನೀವು ನಂಬಿದಿರಿ. ಸಾಕ್ಷಿ ಬೇಕಾದರೆ ಬೂದು ಕುದುರೆಯ ಹಾಳೆಯಲ್ಲಿ, ಮೂರನೆಯ ಕಲ್ಲಿನ ಮೇಲೆ ಒಂದು ಮುಳ್ಳುಹಂದಿ ಕೂತಿದೆ. ಒದ್ದೆ ಹತ್ತಿಯಿಂದ ಅದನ್ನು ಒರೆಸಿ ನೋಡಿ. ಏಳು ಹಾಳೆಗಳನ್ನೂ ನಾನೇ ಬಂದು ಹೊಸದಾಗಿ ಚಿತ್ರಿಸಿಕೊಡುತ್ತೇನೆ. ಆಮೇಲೆ ಈ ಕೈಗೆ ಯಾವ ಶಿಕ್ಷೆ ಎಂಬುದನ್ನು ರಾಜಕುಮಾರರು ಹೇಳಲಿ. ಚಿತ್ರಿಸುವವರೆಗೆ ಮಾತ್ರ ಕೈ ಇರಲಿ.’

ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೂ ನನಗೇನೂ ಬೇಸರವಿಲ್ಲ. ಬರೆಯುವಾಗ ನಾಲ್ಕು ಸಲ ಹರಿದೆ. ಐದನೆಯ ಸಲ ಬರೆದಾಗ, ನಿಜ ಹೇಳುತ್ತೇನೆ, ಸ್ವಲ್ಪ ಜಂಬವೇ ಬಂತು. ತಂಗಿಗಾಗಿ ರಾಜಕುಮಾರನ ಕೇಸರಿ ಕದ್ದವನು. ಕೇಳಲು ಚೆನ್ನಾಗಿದೆ. ನಿನ್ನ ತಾಯಿಯವರು ನನ್ನ ಕೈ ದೊಡ್ಡದು ಎಂದರಂತಲ್ಲ. ಎಷ್ಟು ದೊಡ್ಡದೆಂದರೆ ಉಗ್ರಾಣದೊಳಗೆ ಹೋಗಿ ಬರುವಷ್ಟು.

ಒಂಬತ್ತು ವರ್ಷ ನಾನು ನಿನಗೆ ಬರೆಯದೆ ಇದ್ದದ್ದು ಕೊನೆಯ ಪುಟದ ಹೆಸರಿಗಾಗಿ ಎಂದು ನೀನು ತಿಳಿದಿದ್ದೀಯ, ನಾನೂ ಹಾಗೆಯೇ ತಿಳಿದಿದ್ದೆ; ಅಲ್ಲ, ನೀನು ನನ್ನನ್ನು ಮರೆತೆಯೆಂದು. ಪ್ರತಿ ನೌರೋಜಿಗೆ ನೀನು ಕಲ್ಲು ನೋಡುತ್ತಿದ್ದೆ ಎಂದು ಓದಿದ ದಿನ, ಯಜ್ದ್‌ನವರು ನೋಡುತ್ತಾರೆ ಎಂದು ಹಿತ್ತಿಲಿಗೆ ಹೋಗಿ ಕೂತೆ. ಮೊದಲ ಸಲ ಉದ್ದವಾಗಿ ಬರೆದು ತೆಗೆದುಹಾಕಿದೆ ಎಂದಿದ್ದೆಯಲ್ಲ, ಆ ಪತ್ರ ಇದ್ದರೆ ಎತ್ತಿಡು. ಬಂದು ಓದುತ್ತೇನೆ.

ನನ್ನ ಗಂಟಿನಲ್ಲಿ ಕೇಸರಿ ಇದೆ, ಈ ಸಲ ಸ್ವಂತದ್ದು. ಬೆಕ್ಕಿನ ಕುಂಚ ಮೂರೂ ಇವೆ. ನಾನು ಮುಂಬದಿ ಬರೆಯುತ್ತೇನೆ, ನೀನು ಹಿಂಬದಿ ಬರೆ. ಲೇಖನಿಯ ಚಾಕುವನ್ನು ಈರುಳ್ಳಿಯಿಂದ ಬಿಡಿಸಿ ತಾ.

ಇನ್ನು ಎರಡನೆಯ ಹಾಳೆ. ಇದು ನಿನಗೆ ಮಾತ್ರ. ಓದಿ ಒಲೆಗೆ ಹಾಕು. ದಿವಾನರಿಗೆ ಬೇಡ, ಬಾಬಾ ಖಲೀಲನಿಗಂತೂ ಬೇಡ, ಸರ್ವ್‌ನಾಜ್‌ಗೂ ಬೇಡ. ಕಳ್ಳ ಎಂದರೆ ತಲೆ ಎತ್ತಿ ನಿಲ್ಲುತ್ತೇನೆ, ಇದಕ್ಕೆ ನಿಲ್ಲಲಾರೆ.

ಕೇಸರಿ ಕಿಲುಬನ್ನು ಮಲಗಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ತೊಟ್ಟಿಲಲ್ಲೂ ಗೊತ್ತಿರಲಿಲ್ಲ, ಕಾರ್ಖಾನೆಯಲ್ಲೂ ಗೊತ್ತಿರಲಿಲ್ಲ. ಗುರುಗಳು ಹಾಕುತ್ತಿದ್ದರು, ನಾನೂ ಹಾಕಿದೆ. ಏಕೆ ಎಂದು ಒಂದು ಸಲ ಕೇಳಿದ್ದಕ್ಕೆ, ‘ಕಣ್ಣಿಲ್ವೇನೋ, ಬಣ್ಣ ನೋಡು,’ ಎಂದರು. ನೋಡಿದೆ, ಹಸಿರು ಬೆಚ್ಚಗೆ ಕಂಡಿತು. ಚೆಲುವಿಗೆ ಹಾಕುವುದು ಎಂದುಕೊಂಡು ಮೂವತ್ತು ವರ್ಷ ಹಾಕಿದೆ. ಒಂದು ತಿಂಗಳು ಅರಿಶಿನ ಹಾಕಿದರೆ ಯಾರ ಮನೆ ಹಾಳಾಗುತ್ತದೆ ಎಂದುಕೊಂಡೆ. ನಿನ್ನ ಮನೆ ಹಾಳಾಗುವುದರಲ್ಲಿತ್ತು.

ಬಾಬಾ ಖಲೀಲನ ಮಾತನ್ನು ನಾನು ಮೊದಲು ಕೇಳಿದ್ದು ನಿನ್ನ ಪತ್ರದಲ್ಲೇ. ಓದಿದ ಮರುದಿನ ಯಜ್ದ್‌ನವರಿಬ್ಬರನ್ನೂ ಒಳಗೆ ಕರೆದೆ. ಬಾಗಿಲು ಹಾಕಿದೆ. ಇಷ್ಟು ದಿನ ನಿಮ್ಮ ಯೋಗ್ಯತೆ ಪರೀಕ್ಷಿಸುತ್ತಿದ್ದೆ, ಇಂದು ಹಸಿರಿನ ನಿಜವಾದ ಗುಟ್ಟು ಹೇಳುತ್ತೇನೆ ಎಂದು ಒಬ್ಬೊಬ್ಬನ ಕಿವಿಗೂ ಬಾಯಿಟ್ಟು, ಹುಳಿ, ಕೇಸರಿ, ನಿದ್ದೆ, ಹಾಸಿಗೆ, ಎಲ್ಲವನ್ನೂ ಪಿಸುಗುಟ್ಟಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವನು ನನಗೆ ನೋವಾಗದಂತೆ ಮೆಲ್ಲಗೆ ಹೇಳಿದ:

‘ಉಸ್ತಾದ್, ಇದು ನಮ್ಮೂರಲ್ಲಿ ಬಣ್ಣ ತೊಳೆಯೋ ಮುದುಕೀಗೂ ಗೊತ್ತು. ನಾವು ಬಂದಿದ್ದು ಬೆಕ್ಕಿನ ಕೂದಲಲ್ಲಿ ಕುಂಚ ಕಟ್ಟೋದು ಕಲಿಯೋಕೆ.’

ನಿನ್ನ,
ಯಾದ್ಗಾರ್